ತೆಳು ಅಟ್ಟೆಯ ಶೂ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಕಾಲಿನ ಪ್ಲಾಸ್ಟರ್ ಬಿಚ್ಚಿದರಂತೆ. ಮುಂದಿನ ತಿಂಗಳಿಂದ ಕಾಡುದಾರಿಯಲ್ಲಿ ಮತ್ತೆ ಓಡಬಹುದು ಎಂದರಂತೆ ಡಾಕ್ಟರು. ಅಮ್ಮ ಫೋನಿನಲ್ಲಿ ಹೇಳಿದಳು. ಯಾರ ಜೊತೆ ಓಡ್ತಾಳಂತೆ ಎಂದು ಕೇಳಿದೆ. ಅದನ್ನ ಅವಳನ್ನೇ ಕೇಳು ಎಂದಳು. ಕೇಳುವ ಧೈರ್ಯವಿಲ್ಲದೆ ಶೂ ಕಳಿಸುತ್ತಿದ್ದೇನೆ.

ಲಾಂಡ್ರಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಮೂರು ಅಂಗಡಿ ಸುತ್ತಿದೆ. ಹಳೆಯದು ನಾನೇ ಆರಿಸಿದ್ದು, ದಿಂಬಿನಂಥ ಅಟ್ಟೆ. ಕಣ್ಣು ಕಾಣದವಳಿಗೆ, ಕಾಲಿಗೆ ನೆಲವೇ ತಿಳಿಯದಂಥ ಶೂ ಹಾಕಿಸಿದ್ದೆ ನೋಡು! ಒದ್ದೆ ಬೇರಿನ ಮೇಲೆ ಅದು ಜಾರಿತು, ನೀನು ಬಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುತ್ತೀಯೇನೋ. ಅನ್ನು. ತಪ್ಪು ಶೂವಿನದೇ.

ಈ ಸಲದ್ದು ಹಗುರ. ಟವೆಲ್ಲಿನಂತೆ ಸುತ್ತಿ ಕೈಚೀಲದಲ್ಲಿಡಬಹುದು. ಮುಂಭಾಗ ಅಗಲ, ಬೆರಳುಗಳು ಹರಡಿ ಕೂರುತ್ತವೆ. ನಮ್ಮಿಬ್ಬರ ಅಳತೆ ಒಂದೇ ಅಲ್ಲವೇ, ನಾನೇ ಹಾಕಿಕೊಂಡು, ನೆಲದ ಮೇಲೆ ಪೆನ್ಸಿಲ್ ಇಟ್ಟು ಕಣ್ಣು ಮುಚ್ಚಿ ತುಳಿದೆ. ಪೆನ್ಸಿಲ್ಲಿನ ಅಂಚುಗಳೂ ಗೊತ್ತಾದವು. ಮೊದಮೊದಲು ಬರೀ ನಡೀಬೇಕು, ಇಲ್ದಿದ್ರೆ ಮೀನಖಂಡ ಹಿಡ್ಕೊಳ್ಳುತ್ತೆ ಎಂದಳು ಅಂಗಡಿಯಾಕೆ. ಇದ್ರಲ್ಲಿ ಹೊರಗಿನ ನೀರು ಒಳಗೆ ಬರಲ್ಲ, ಆದ್ರೆ ಹಳ್ಳ ದಾಟುವಾಗ ಮೇಲಿಂದ ನುಗ್ಗಿದ್ರೆ ಹೊರಗೂ ಹೋಗಲ್ಲ, ಬಟ್ಟೆಯ ಶೂನೇ ತಗೊಳ್ಳಿ ಎಂದೂ ಹೇಳಿದಳು. ನಾನು ಒಪ್ಪಲಿಲ್ಲ. ಒದ್ದೆ ಹುಲ್ಲಿನಲ್ಲಿ ಪಾದ ಮರಗಟ್ಟಿದರೆ ನಿನಗೆ ನೆಲ ತಿಳಿಯುವುದು ಹೇಗೆ? ಹಳ್ಳ ಬಂದಾಗ ಹೇಳುವವರೊಬ್ಬರು ಪಕ್ಕದಲ್ಲಿದ್ದರಾಯಿತು.

ಆಸ್ಪತ್ರೆಯ ಟೆಲಿಫೋನ್ ಕೆಲಸಕ್ಕೆ ಹತ್ತಿರವೆಂದು ನೀನು ಹಾಸ್ಟೆಲಿಗೆ ಹೋಗಿ ಮೂರು ತಿಂಗಳಾಯಿತು. ನಿನ್ನ ಮಂಚ ಖಾಲಿ ಕಾಣದಿರಲಿ ಎಂದು ಒಗೆದ ಬಟ್ಟೆಯನ್ನೆಲ್ಲ ಅದರ ಮೇಲೆ ಹರಡುತ್ತೇನೆ. ಇವತ್ತು ಬೆಳಿಗ್ಗೆ ಒಬ್ಬಳೇ ಓಡಲು ಹೋದೆ. ನಾವಿಬ್ಬರೂ ಹಿಡಿಯುತ್ತಿದ್ದ ಹಗ್ಗದ ತುಂಡು ಕೈಯಲ್ಲಿತ್ತು, ನಿನ್ನ ತುದಿ ನನ್ನ ತೊಡೆಗೆ ಬಡಿಯುತ್ತಿತ್ತು. ಕಲ್ಲು, ಬೇರು, ಇಳಿಜಾರು ಎಂದು ಯಾರಿಗೋ ಕೂಗುತ್ತಾ ಓಡಿದೆ. ಮೊನ್ನೆ ಬಸ್ಸಿನಲ್ಲೂ ಮುಂದೆ ಇಳಿಯುತ್ತಿದ್ದ ಮನುಷ್ಯನಿಗೆ ಮೆಟ್ಟಿಲು ಎಂದುಬಿಟ್ಟೆ. ನಂಗೇನು ಕಣ್ಣು ಕಾಣಲ್ವಾ ಎಂದು ರೇಗಿದ. ನಗು ಬಂತು, ಹಿಂದೆಯೇ ಅಳುವೂ ಬಂತು. ನೀನಿಲ್ಲದೆ ಆಗುತ್ತಿಲ್ಲ ಅಕ್ಕ. ಮನೆಗೆ ಬಾ. ಮೊದಲಿನಂತೆ ಓಡೋಣ.

ನಿನ್ನ,
ವಟವಟ ತಂಗಿ

ತಾ.ಕ.: ಶೂ ಜಾರಲಿಲ್ಲ. ಆ ಬೇರನ್ನು ನಾನು ಹತ್ತು ಹೆಜ್ಜೆ ದೂರದಿಂದಲೇ ನೋಡಿದ್ದೆ. ಬೆಟ್ಟದ ಓಟಕ್ಕೆ ಓಟದ ಕ್ಲಬ್ಬಿನ ಹುಡುಗಿಯ ಜೊತೆ ಹೋಗುತ್ತೇನೆ ಎಂದು ಅವತ್ತು ಬೆಳಿಗ್ಗೆ ನೀನು ಹೇಳಿದ್ದೆಯಲ್ಲ. ನನ್ನ ಬೆಲೆ ನಿನಗೆ ಒಂದು ಸಲ ತಿಳಿಯಲಿ ಎಂದು ಬಾಯಿ ಮುಚ್ಚಿಕೊಂಡೆ. ಎಡವುತ್ತೀಯ ಅಷ್ಟೆ ಎಂದುಕೊಂಡಿದ್ದೆ.

ಅಕ್ಕನಿಗೆ ಬಂದ ಪತ್ರಗಳನ್ನು ಓದಿ ಹೇಳುವುದು ಈಗ ಆ ಕ್ಲಬ್ಬಿನ ಹುಡುಗಿಯೇ ಎಂದು ಅಮ್ಮ ಹೇಳಿದಳು. ಹಾಗಾದರೆ ಕ್ಲಬ್ಬಿನ ಹುಡುಗಿ, ಈ ಮಾತು ನಿನಗೆ. ನಿನ್ನ ಕಣ್ಣಿಗೆ ಬಿದ್ದ ಮೇಲೆ ಸುಮ್ಮನಾಗಬೇಡ. ಮೇಲಿನ ಸಾಲುಗಳನ್ನೂ ಅವಳಿಗೆ ಓದಿ ಹೇಳು.