ಬೆಲ್ಟ್ ಕೊಟ್ಟಿರಲಿಲ್ಲ

ಮೇಸ್ತ್ರಿಯಣ್ಣಾ,

ಎರಡು ವರ್ಷ ಹಾಸಿಗೆ ಹಿಡಿದಿದ್ದ ನೀನು ತೀರಿಕೊಂಡು ಎರಡು ವರ್ಷವಾಯಿತು. ನೀನಿದನ್ನು ಓದಲಾರೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಹೋದ ತಿಂಗಳು ನಮ್ಮ ಗಾರೆ ಕೆಲಸದ ಅಕ್ಕ ಮೂರನೇ ಮಹಡಿಯ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡಳು. ಸೇಫ್ಟಿ ಬೆಲ್ಟ್ ಕೊಟ್ಟರೂ ಅವಳೇ ಹಾಕಿಕೊಳ್ಳಲಿಲ್ಲ ಎಂದು ಕಂಟ್ರಾಕ್ಟರನ ವಾದ. ಇವತ್ತು ಕಾರ್ಮಿಕ ಕಚೇರಿಯ ವಿಚಾರಣೆಯಲ್ಲಿ ನಾನೇ ಅವಳ ಸಾಕ್ಷಿ.

"ಬೆಲ್ಟ್ ಕೊಟ್ಟೇ ಇರ್ಲಿಲ್ಲ ಸಾರ್," ಎಂದೆ.

ಕಂಟ್ರಾಕ್ಟರ್ ಕಡೆಯ ವಕೀಲ ನಕ್ಕು ಹಳೆಯ ಕಾಗದವೊಂದನ್ನು ಎತ್ತಿ ಹಿಡಿದ. "ನಾಲ್ಕು ವರ್ಷದ ಹಿಂದೆ ನಿಮ್ ಮೇಸ್ತ್ರಿ ಬಿದ್ದಾಗ, ಎಲ್ಲರಿಗೂ ಬೆಲ್ಟ್ ಕೊಟ್ಟಿದ್ರು ಅಂತ ಸಹಿ ಹಾಕಿದ್ದು ನೀನೇ ಅಲ್ವಾ?"

"ನಾನೇ. ಕೆಲಸ ಹೋಗುತ್ತೆ ಅಂತ ಹೆದರಿ ಸುಳ್ಳು ಹೇಳ್ದೆ. ಅದ್ರಿಂದ್ಲೇ ಮೇಸ್ತ್ರಿಗೆ ಪರಿಹಾರ ಸಿಗ್ಲಿಲ್ಲ. ಅದನ್ನೂ ಬರ್ಕೊಳ್ಳಿ ಸಾರ್."

ಅಧಿಕಾರಿ ಎರಡನ್ನೂ ಬರೆದುಕೊಂಡರು. ಅಕ್ಕನ ಚಿಕಿತ್ಸೆಯ ಹೊಣೆ ಕಂಟ್ರಾಕ್ಟರನದ್ದೇ ಎಂದು ಅಲ್ಲೇ ಆದೇಶಿಸಿದರು. ನನಗೆ ನಾಳೆಯಿಂದ ಆ ಕಂಟ್ರಾಕ್ಟರನ ಬಳಿ ಕೆಲಸವಿಲ್ಲ. ಚಿಂತೆಯಿಲ್ಲ, ಕಂಬಿ ಕಟ್ಟುವುದನ್ನು ನಿನ್ನಿಂದ ಕಲಿತವನಿಗೆ ಎಲ್ಲಾದರೂ ಕೆಲಸ ಸಿಕ್ಕೇ ಸಿಗುತ್ತದೆ.

ಹೊರಡುವಾಗ ಅಧಿಕಾರಿ, "ನಿಮ್ ಮೇಸ್ತ್ರಿ ಕೇಸೂ ಮತ್ತೆ ನಡೆಸೋಕಾಗುತ್ತಾ ನೋಡೋಣ. ಅವರ ಹೆಂಡತೀನ ಕರ್ಕೊಂಡು ಬನ್ನಿ," ಎಂದರು.

ಬೆಳಿಗ್ಗೆ ನಿಮ್ಮ ಮನೆಗೆ ಹೋಗುತ್ತೇನೆ. ನಾಲ್ಕು ವರ್ಷದಿಂದ ಆ ಬೀದಿಗೇ ಕಾಲಿಟ್ಟಿಲ್ಲ. ಬಾಗಿಲು ತಟ್ಟಿ, ಅತ್ತಿಗೆ ತೆಗೆಯುವ ತನಕ ನಿಂತಿರುತ್ತೇನೆ.