ನಿಂತಿದೆ ಎಂದರೆ

ಮನೆ, ನಿನ್ನ ಹೊಲಿಗೆ ಮೆಷಿನ್ನಿನ ಮೇಲಿಂದ
ಜೂನ್ 14, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಳ್ಳುತ್ತೀಯೋ, ಇಲ್ಲ ಎರಡೂ ಕೈತುಂಬ ಮಗುವಿನ ಬಟ್ಟೆ ಹೊತ್ತು ಸರ್ಕಸ್ ಮಾಡುತ್ತೀಯೋ? ರಾತ್ರಿ ನಿದ್ದೆ ಆಗುತ್ತಿದೆಯಾ? ಆಗುತ್ತಿಲ್ಲವೆಂದು ಗೊತ್ತು, ಆದರೂ ಕೇಳಬೇಕಲ್ಲ. ಅಕ್ಕನ ಹೆರಿಗೆಯ ಹೊಲಿಗೆ ಒಣಗಿತಾ? ಆಸ್ಪತ್ರೆಯವರು ಹಾಕಿದ ಹೊಲಿಗೆಯನ್ನೂ ನೀನು ಬಗ್ಗಿ ನೋಡಿ "ಯಾರೇ ಇದನ್ನು ಹಾಕಿದ್ದು, ಇಷ್ಟು ದೂರ ದೂರ?" ಎಂದೆಯಂತೆ. ಅಕ್ಕ ಫೋನಿನಲ್ಲಿ ಹೇಳುತ್ತಾ ನಗಲು ಶುರು ಮಾಡಿದಳು, ನಕ್ಕರೆ ಅದೇ ಹೊಲಿಗೆ ಎಳೆಯುತ್ತದೆಂದು ಅರ್ಧಕ್ಕೇ ನಿಲ್ಲಿಸಿದಳು.

ಫೋನ್ ಇರುವಾಗ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನಾನು "ಅಮ್ಮಾ, ಒಂದು ವಿಷಯ" ಎನ್ನುವಷ್ಟರಲ್ಲಿ ನೀನು ಮಗುವಿನ ಕಿವಿಗೆ ಅದನ್ನು ಹಿಡಿದು "ಚಿಕ್ಕಮ್ಮ ಕಣೋ, ಚಿಕ್ಕಮ್ಮನ ಹತ್ರ ಮಾತಾಡು" ಎನ್ನುತ್ತೀಯ. ಇನ್ನೂ ದೃಷ್ಟಿ ನೆಟ್ಟಗೆ ಕೂರದ ಆ ಕೂಸಿನ ಮುಂದೂ ನನಗೆ ಸಂಕೋಚವಾಗಿ ನಾಲಿಗೆ ಕಟ್ಟುತ್ತದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಬಾಯಿಯ ವಿಷಯಕ್ಕೇ ಬರುತ್ತಿದ್ದೇನೆ, ಸ್ವಲ್ಪ ತಾಳು.

ಮೊದಲು ಮನೆಯ ಸುದ್ದಿ. ಅಪ್ಪ ಬೆಳಗಿನ ಪಾಳಿಗೆ ಬಸ್ಸು ತೆಗೆಯುವ ಮುಂಚೆ ಹಾಲು ಕಾಯಿಸುವುದು ತಮ್ಮ ಕೆಲಸ ಎಂದು ಘೋಷಿಸಿದ್ದಾರೆ. ಒಲೆ ತೊಳೆಯುವುದು ನನ್ನ ಕೆಲಸ ಎಂದು ಬೇರೆ ಹೇಳಬೇಕಾಗಿಲ್ಲ. ಪ್ರೆಸ್ಸಿನಲ್ಲಿ ಒಂದು ಕ್ಯಾಲೆಂಡರಿನ ಪ್ರೂಫ್ ನೋಡುವಾಗ ಒಂದೇ ವಾರದಲ್ಲಿ ಎರಡು ಮಂಗಳವಾರ ಸಿಕ್ಕವು. ಎದ್ದು ಹೋಗಿ ಹೇಳಲು ನಾಚಿಕೆಯಾಗಿ, ಹಾಳೆಯ ಮೇಲೆ ಕೆಂಪು ಗೀಟು ಎಳೆದು ಯಜಮಾನರ ಮೇಜಿನ ಮೇಲಿಟ್ಟು ಬಂದೆ. "ಬಾಯಿ ಬಿಟ್ಟು ಹೇಳಿದ್ರೆ ನಿನ್ನ ಗಂಟೇನಮ್ಮಾ ಹೋಗ್ತಿತ್ತು?" ಎಂದರು, ಆದರೆ ಖುಷಿಯಾಗಿದ್ದರು. ಎದುರುಮನೆ ಟೀಚರ್ ನಿನಗೆ ಹೊಲಿಯಲು ಕೊಟ್ಟ ಅಂಗಿ ಕೇಳಲು ಬಂದು, ಅದು ಹ್ಯಾಂಗರಿನಲ್ಲಿ ಒಂಟಿ ತೋಳಿನಲ್ಲಿ ನೇತಾಡುತ್ತಿರುವುದನ್ನು ನೋಡಿ, "ಇನ್ನೊಂದು ತೋಳು ಮೊಮ್ಮಗ ಸ್ಕೂಲಿಗೆ ಸೇರಿದ ಮೇಲೇನಮ್ಮಾ?" ಎಂದು ಕೇಳಿ ಹೋದರು. ನಾನು ನಕ್ಕು ಸುಮ್ಮನಾದೆ. ನಿನಗೆ ಗೊತ್ತಲ್ಲ, ನನ್ನ ಬಳಿ ಇರುವ ಉತ್ತರ ಅದೊಂದೇ.

ಈಗ ಫೋಟೋದ ವಿಷಯ. ಹೋದ ವಾರ ಅಕ್ಕ ಕಳಿಸಿದಳಲ್ಲ, ನೀನು ಮಗುವನ್ನು ಎತ್ತಿಕೊಂಡು ಕಿಟಕಿಯ ಪಕ್ಕ ನಿಂತಿರುವುದು. ಅಪ್ಪ ಅದನ್ನು ಬಸ್ಸಿನ ಕಂಡಕ್ಟರಿಗೆ, ಡಿಪೋದ ಮೆಕ್ಯಾನಿಕ್ಕಿಗೆ, ಹಾಲಿನವನಿಗೆ ತೋರಿಸಿ "ಮೂಗು ನಂದೇ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ನಾನು ಮಾತ್ರ ಮಗುವಿನ ಮೂಗು ನೋಡಲಿಲ್ಲ ಅಮ್ಮಾ. ನಿನ್ನ ಎಡಗೈ ನೋಡಿದೆ. ನೀನು ನಗುತ್ತಿದ್ದೆ, ಕೈ ಬಾಯಿಗೆ ಅಡ್ಡ ಬಂದಿತ್ತು.

ಆ ಕೈ ನನಗೆ ಚೆನ್ನಾಗಿ ಪರಿಚಯ. ಬುದ್ಧಿ ತಿಳಿದಾಗಿನಿಂದ ನಿನ್ನ ನಗುವಿನ ಮುಂದೆ ಅದೊಂದು ಬಾಗಿಲಿನ ಹಾಗೆ ಇರುತ್ತಿತ್ತು. ಒಸಡು ಊದಿದೆ, ರಕ್ತ ಬರುತ್ತದೆ, ಯಾರಾದರೂ ಹತ್ತಿರ ನಿಂತರೆ ವಾಸನೆ ಬಂದೀತು ಎಂಬ ಹೆದರಿಕೆಯಿಂದ ನೀನು ಕೈ ಇಡುತ್ತಿದ್ದೆಯೆಂದು ಗೊತ್ತಾಗಲು ನನಗೆ ಎಷ್ಟೋ ವರ್ಷ ಹಿಡಿಯಿತು. ಅಳತೆ ತೆಗೆಯಲು ಗಿರಾಕಿಗಳ ಹತ್ತಿರ ಹೋಗುವಾಗ ನೀನು ಉಸಿರು ಬಿಗಿಹಿಡಿಯುತ್ತಿದ್ದದ್ದೂ ಅದಕ್ಕೇ. ಅಂತೂ ಹೋದ ವರ್ಷ ಕೆಳಗಿನ ಮುಂದಿನ ಹಲ್ಲು ಅಲ್ಲಾಡತೊಡಗಿ, ದಾರ ಕಡಿಯುವಾಗ ಜುಂ ಎಂದಾಗಲೇ ನೀನು ಕನ್ನಡಿ ಡಾಕ್ಟರ ಬಳಿಗೆ ಹೋಗಲು ಒಪ್ಪಿದ್ದು. (ಆಕೆ ಪ್ರತಿಯೊಂದಕ್ಕೂ ಕೈಗನ್ನಡಿ ಕೊಟ್ಟು "ನೀವೇ ನೋಡಿ" ಎನ್ನುತ್ತಾರೆಂದು ಆ ಹೆಸರಿಟ್ಟವಳೂ ನೀನೇ. ಈಗ ನನಗೆ ಅವರ ನಿಜ ಹೆಸರು ನೆನಪಿಗೇ ಬರುವುದಿಲ್ಲ.) ಸೂಜಿಯಂಥ ಕಡ್ಡಿಯನ್ನು ಒಸಡಿನ ಸಂದಿಗೆ ಇಳಿಸಿ, ಎಷ್ಟು ಮಿಲಿಮೀಟರ್ ಆಳವೆಂದು ಅವರು "ಐದು, ಆರು, ಆರು" ಎಂದು ಹೇಳುತ್ತಿದ್ದರೆ, ಕುರ್ಚಿಯಲ್ಲಿ ಮಲಗಿದ್ದ ನೀನು ನನ್ನ ಬೆರಳುಗಳನ್ನು ಹಿಂಡುತ್ತಿದ್ದೆ. ಹೊರಗೆ ಬಂದವಳೇ ನೀನು "ಊರವರ ಅಳತೆ ತೆಗೆಯೋಳ ಅಳತೆ ತೆಗೆದ್ರು ನೋಡು" ಎಂದೆ. ಒಸಡು ಮರಗಟ್ಟಿಸಿ, ಅದರ ಅಡಿಯಲ್ಲೆಲ್ಲ ಕೆರೆದು ಸ್ವಚ್ಛ ಮಾಡಿದ ಮೇಲೆ ಊತ ಇಳಿದು ಹಲ್ಲುಗಳ ನಡುವೆ ಸಂದಿ ಕಂಡಾಗ, "ದುಡ್ಡು ಕೊಟ್ಟು ಕಿಟಕಿ ಇಡಿಸಿಕೊಂಡೆ, ಇನ್ನು ಶಿಳ್ಳೆ ಹೊಡೀಬಹುದು" ಎಂದು ಗೊಣಗಿದ್ದೂ ನೆನಪಿದೆ. ಆದರೆ ಆಮೇಲೆ ಒಂದು ದಿನ ಅಪ್ಪ ಅಂಗಿಯನ್ನು ಹಿಂದುಮುಂದು ಹಾಕಿಕೊಂಡು ಡ್ಯೂಟಿಗೆ ಹೊರಟಾಗ ನೀನು ನಕ್ಕೆಯಲ್ಲ, ಎರಡೂ ಕೈ ಮೆಷಿನ್ನಿನ ಮೇಲೇ ಇದ್ದವು. ಅಪ್ಪ ಅಂಗಿ ಸರಿಮಾಡಿಕೊಳ್ಳದೆ ನಿನ್ನನ್ನೇ ನೋಡುತ್ತಾ ನಿಂತುಬಿಟ್ಟರು.

ಅದಕ್ಕೇ ಆ ಫೋಟೋ ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಅಕ್ಕನಿಗೆ ಫೋನ್ ಮಾಡಿ ಸುಮ್ಮನೆ ವಿಚಾರಿಸುವವಳ ಹಾಗೆ ಕೇಳಿದೆ. "ನೋವೇನಿಲ್ಲ ಅಂತಾಳೆ ಕಣೇ. ಆದ್ರೆ ಹಲ್ಲುಜ್ಜಿದ ಮೇಲೆ ಸಿಂಕ್ ತೊಳೀತಾನೇ ಇರ್ತಾಳೆ, ನಮ್ಮ ಮನೆ ಸಿಂಕ್ ಯಾವತ್ತೂ ಇಷ್ಟು ಬೆಳ್ಳಗೆ ಇರ್ಲಿಲ್ಲ" ಎಂದಳು. ಅವಳಿಗೆ ಅದು ನಿನ್ನ ಅಚ್ಚುಕಟ್ಟು. ನೀನು ಏನನ್ನು ತೊಳೆಯುತ್ತಿದ್ದೀಯೆಂದು ನನಗೆ ಗೊತ್ತಾಯಿತು.

ಇಷ್ಟಾದ ಮೇಲೂ ನಾನು ಕ್ಲಿನಿಕ್ಕಿಗೆ ಹೋದದ್ದು ಈ ತಿಂಗಳು ಆಗಬೇಕಿದ್ದ ನಿನ್ನ ತಪಾಸಣೆಯನ್ನು ಮುಂದೂಡಲಿಕ್ಕೇ. ನೀನು ಹೋಗುವಾಗ ಹೇಳಿದ್ದೆಯಲ್ಲ, "ಕಾಯಿಲೆ ನಿಂತೋಯ್ತಲ್ಲ, ಇನ್ನೇನು, ಬಂದ ಮೇಲೆ ನೋಡಿದರಾಯ್ತು" ಎಂದು. ಹಲ್ಲುಜ್ಜುತ್ತಿರುವ ಮೊಸಳೆಯ ಚಿತ್ರದ ಕೆಳಗೆ ಕೂತು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಸಿದ್ಧ ಮಾಡಿಕೊಂಡೆ. ಒಳಗೆ ಹೋದಾಗ ಹೊರಬಂದದ್ದು ಇಷ್ಟೇ: "ಅಮ್ಮ ಅಕ್ಕನ ಮನೆಯಲ್ಲಿದ್ದಾರೆ. ಹೇಗೂ ಕಾಯಿಲೆ ಹೋಗಿದೆಯಲ್ಲ." ಡಾಕ್ಟರು ಕೈಗವಸು ಬಿಚ್ಚುತ್ತಿದ್ದವರು ಹಾಗೇ ನಿಂತರು. "ಹೋಗಿದೆ ಅಂತ ಯಾರಮ್ಮಾ ಹೇಳಿದ್ದು?" ಹೋದ ಸಲ ನೀವೇ, ಕಾಯಿಲೆ ನಿಂತಿದೆ ಅಂದಿರಿ ಎಂದೆ. "ಹೌದು, ನಿಂತಿದೆ ಅಂದೆ. ಹೋಗಿದೆ ಅನ್ಲಿಲ್ಲ."

ಸಾಹಿತ್ಯ ಓದಿ ಪಾಸಾದವಳು, ದಿನವಿಡೀ ಪದಗಳ ಹೇನು ಹೆಕ್ಕುವವಳು, ನನಗೂ ಅಂದು ನಿನ್ನ ಪಕ್ಕದಲ್ಲೇ ಕೂತು ಇದು ಹೊಳೆದಿರಲಿಲ್ಲ. ಮಳೆ ನಿಂತಿದೆ ಎಂದರೆ ಇನ್ನು ಮಳೆಯಿಲ್ಲ, ಕೊಡೆ ಬೇಡ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದರೆ ಅವರು ಅಲ್ಲೇ ಇದ್ದಾರೆ. ಡಾಕ್ಟರು ಬಾಗಿಲಲ್ಲಿ ನಿಂತವರ ಬಗ್ಗೆ ಹೇಳಿದರು, ನಾವಿಬ್ಬರೂ ಮಳೆಯೆಂದು ಕೇಳಿಸಿಕೊಂಡು ಕೊಡೆ ಮಡಚಿಟ್ಟು ಮನೆಗೆ ಬಂದೆವು. ನೀನು ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ "ನಿಂತೋಯ್ತು" ಎಂದು ಸಾರಿದೆ.

ಅವರು ನನ್ನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದ್ದನ್ನು ಬರೆಯುತ್ತೇನೆ. ಒಸಡಿನ ಅಡಿಯಲ್ಲಿ ಕರಗಿದ ಮೂಳೆ ಮೊದಲಿನಂತೆ ಬೆಳೆಯುವುದಿಲ್ಲ. ಉಳಿದದ್ದನ್ನು ಕಾಯಬೇಕು, ಅಷ್ಟೇ. ನಮ್ಮ ಬ್ರಷ್ ತಲುಪದ ಜಾಗದಲ್ಲಿ ಕೊಳೆ ಮತ್ತೆ ಕೂರುತ್ತದೆ, ಕೆಲವೇ ತಿಂಗಳಿಗೆ ಹಳೇ ಚಾಳಿ ಶುರು ಮಾಡುತ್ತದೆ, ಅದೂ ನೋವಿಲ್ಲದೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಆ ಕಡ್ಡಿಯಿಂದ ಅಳೆದು, ಸ್ವಚ್ಛ ಮಾಡಬೇಕು. ಬಿಟ್ಟರೆ ಮುಂದಿನ ಸಲ ನಿನ್ನ ಆ ಮುಂದಿನ ಹಲ್ಲನ್ನು ತೆಗೆಯದೆ ಬೇರೆ ದಾರಿ ಇರಲಾರದು, ಆಮೇಲೆ ಪಕ್ಕದ್ದು. ಆಗ ನನಗೆ ಅಜ್ಜಿ ನೆನಪಾದಳು. ಅವಳ ಬಾಯಿ ಖಾಲಿಯಾದ ಮೇಲೆ ನೀನೇ ಒಮ್ಮೆ ಹೇಳಿದ್ದೆ, "ನಮ್ಮಮ್ಮನ ದನೀನೇ ಬೇರೆ ಆಗೋಯ್ತು, ಫೋನಲ್ಲಿ ಗುರುತೇ ಸಿಗಲ್ಲ" ಎಂದು. ನನಗೆ ನಿನ್ನ ದನಿಯ ಗುರುತು ತಪ್ಪಬಾರದು.

ರಾತ್ರಿ ಅಪ್ಪನಿಗೆ ಹೇಳಿದೆ. ಬೂಟು ಬಿಚ್ಚುತ್ತಾ, "ಸ್ಟಾಪಲ್ಲಿ ಬಸ್ಸು ನಿಂತಿದೆ ಅಂದ್ರೆ ಮನೆಗೆ ಹೋಗಿದೆ ಅಂತಾನಾ? ಬ್ರೇಕಿಂದ ಕಾಲು ತೆಗೆದ್ರೆ ಗೊತ್ತಾಗುತ್ತೆ" ಎಂದರು. ಬೂಟನ್ನು ಮೂಲೆಗಿಟ್ಟು, "ಬಾ ಅಂತ ನಾನು ಹೇಳಿದೆ ಅಂತ ಮಾತ್ರ ಬರೀಬೇಡ, ಹಾಲು ಉಕ್ಕಿಸಿಕೊಂಡು ಕೂತಿದಾರೆ ಅಂದ್ಕೋತಾಳೆ" ಎಂದರು. ಆದ್ದರಿಂದ ಬರೆಯುತ್ತಿಲ್ಲ.

ಇನ್ನೊಂದು. ಬೆಳಿಗ್ಗೆ ನಿನ್ನ ಮೆಷಿನ್ ಒರೆಸಲು ಹೋದರೆ ಗುಂಡಿಗಳ ಡಬ್ಬಿಯಲ್ಲಿ ಡಾಕ್ಟರು ಹಲ್ಲಿನ ಸಂದಿಗೆಂದು ಕೊಟ್ಟ ಪುಟ್ಟ ಬ್ರಷ್ಷುಗಳು ಸಿಕ್ಕವು. ಎಲ್ಲದರ ತುದಿಯಲ್ಲೂ ನೀಲಿ, ಹಳದಿ ನೂಲಿನ ಜುಂಗು. ಸೂಜಿಯ ಕೆಳಗೆ ಬಟ್ಟೆ ತಳ್ಳುವ ಆ ಕಬ್ಬಿಣದ ಹಲ್ಲುಗಳನ್ನು ಅದರಿಂದ ಉಜ್ಜುತ್ತಿದ್ದೆಯಾ ಅಮ್ಮಾ? ಅಕ್ಕನನ್ನು ಕೇಳಿದರೆ, ಅಲ್ಲಿ ನಿನ್ನ ಹಲ್ಲಿನ ಸಂದಿಗೆ ಹೊಲಿಗೆ ದಾರ ಎಳೆಯುತ್ತೀಯಂತೆ, "ಮನೇಲಿ ರಾಶಿ ದಾರ ಇಟ್ಕೊಂಡು ಅದಕ್ಕೆ ಬೇರೆ ತರಬೇಕಾ" ಎಂದು. ಮೆಷಿನ್ನಿಗೆ ಹಲ್ಲಿನ ಬ್ರಷ್ಷು, ಹಲ್ಲಿಗೆ ಮೆಷಿನ್ನಿನ ದಾರ. ಇದನ್ನು ಡಾಕ್ಟರಿಗೆ ಹೇಳಿದರೆ ನಗುತ್ತಾರೋ ಅಳುತ್ತಾರೋ ಗೊತ್ತಿಲ್ಲ. ಆ ದಾರ ಒಸಡನ್ನು ಕುಯ್ಯುತ್ತದೆ, ದಯವಿಟ್ಟು ಇವತ್ತೇ ನಿಲ್ಲಿಸು. ಹೊಸ ಬ್ರಷ್ಷುಗಳನ್ನು ತಂದಿಟ್ಟಿದ್ದೇನೆ. ಗುಂಡಿಯ ಡಬ್ಬಿಯಲ್ಲಲ್ಲ, ಕನ್ನಡಿಯ ಹತ್ತಿರ.

ಪ್ರತಿ ಭಾನುವಾರ ನೀನು ಮೆಷಿನ್ ಬಿಚ್ಚಿ, ನೂಲು ಕೆದಕಿ ತೆಗೆದು, ಎಣ್ಣೆ ಹಾಕುವುದನ್ನು ನೋಡುತ್ತಾ ಬೆಳೆದವಳು ನಾನು. ಚೆನ್ನಾಗೇ ಓಡುತ್ತಿದೆಯಲ್ಲ, ಈಗೇಕೆ ಎಂದು ಕೇಳಿದರೆ, "ಓಡ್ತಿರೋವಾಗ್ಲೇ ಎಣ್ಣೆ ಹಾಕ್ಬೇಕು ಕಣೇ, ಸದ್ದು ಮಾಡಿದ ಮೇಲಲ್ಲ" ಎನ್ನುತ್ತಿದ್ದೆ. ಮೂರು ತಿಂಗಳ ಹಿಂದಿನ ಅಳತೆಗೆ ಯಾರಾದರೂ ಬಟ್ಟೆ ಹೊಲಿಯಲು ಹೇಳಿದರೆ ಟೇಪು ಹಿಡಿದು ಅಟ್ಟಿಸಿಕೊಂಡು ಹೋಗುತ್ತೀಯ. ನಿನಗೆ ನಾನು ಹೊಸದಾಗಿ ಹೇಳುವುದೇನೂ ಇಲ್ಲ. ನಿನ್ನ ಮಾತನ್ನೇ ನಿನಗೆ ಪ್ರೂಫ್ ತಿದ್ದಿ ಕಳಿಸುತ್ತಿದ್ದೇನೆ.

ಮಗುವನ್ನು ಬಿಟ್ಟು ಹೇಗೆ ಬರಲಿ ಎಂದು ನೀನು ಈಗ ತಲೆ ಅಲ್ಲಾಡಿಸುತ್ತಿರುವುದು ಇಲ್ಲಿಗೇ ಕಾಣುತ್ತಿದೆ. ಅಕ್ಕನ ಜೊತೆ ಮಾತಾಡಿದ್ದೇನೆ. ಗುರುವಾರ ಅವಳ ಅತ್ತೆ ಬಂದು ಕೆಲವು ದಿನ ಇರುತ್ತಾರಂತೆ. ಶುಕ್ರವಾರ ಬಸ್ಸು ಹತ್ತು, ಶನಿವಾರ ಬೆಳಿಗ್ಗೆ ಕ್ಲಿನಿಕ್, ಸೋಮವಾರ ನಾನೇ ವಾಪಸು ಬಿಟ್ಟು ಬರುತ್ತೇನೆ. ಆ ನೆಪದಲ್ಲಿ ನಾನೂ ಮಗುವಿನ ಮೂಗು ನೋಡಿದಂತಾಗುತ್ತದೆ, ಅಪ್ಪ ಹೇಳುವುದು ನಿಜವೋ ಎಂದು.

ಹೊರಡುವಾಗ ಕನ್ನಡಿ ಡಾಕ್ಟರು, "ನೀನೂ ಅಮ್ಮನ ಹಾಗೇ ಬಾಯಿಗೆ ಕೈ ಅಡ್ಡ ಇಟ್ಟು ನಗ್ತೀಯಲ್ಲ" ಎಂದರು. ನಾನು ನಕ್ಕು ಸುಮ್ಮನಾದೆ.

ಅಕ್ಕನಿಗೆ ನೆನಪುಗಳು. ಭಾವನಿಗೆ ನಮಸ್ಕಾರ. ಪುಟಾಣಿಯ ಬೊಚ್ಚು ಬಾಯಿಗೆ ಒಂದು ಮುತ್ತು. ನಮ್ಮ ಮನೆಯಲ್ಲಿ ಬೊಚ್ಚು ಬಾಯಿ ಅದೊಂದೇ ಇರಲಿ. ನಿನಗೆ ಅಪ್ಪನ ಪರವಾಗಿ ಏನೂ ಇಲ್ಲ, ಅವರು ಏನೂ ಹೇಳಿಲ್ಲ. ಕಾಗದ ಮಡಚುವವರೆಗೂ ಪಕ್ಕದಲ್ಲೇ ನಿಂತಿದ್ದಾರೆ, ಅಷ್ಟೇ.

ನಿನ್ನ
ಗುಮ್ಮನಗುಸ್ಕಿ

ತಾ.ಕ.: ಅಪ್ಪ ಲಕೋಟೆಗೆ ಅಂಟು ಹಚ್ಚಲು ಅವಸರ ಮಾಡುತ್ತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಕ್ಲಿನಿಕ್ಕಿನಲ್ಲಿ ನಾನು ಸುಮ್ಮನಾದದ್ದು ನಿಜ, ಡಾಕ್ಟರು ಸುಮ್ಮನಾಗಲಿಲ್ಲ. "ಒಂದ್ನಿಮಿಷ ಬಾ" ಎಂದು ನನ್ನನ್ನೂ ಆ ಕುರ್ಚಿಯಲ್ಲಿ ಕೂರಿಸಿ ಕೈಗನ್ನಡಿ ಕೊಟ್ಟರು. ಕೆಲವು ತಿಂಗಳಿಂದ ನಾನೂ ಸಿಂಕ್ ತೊಳೆಯುತ್ತಿದ್ದೇನೆ ಅಮ್ಮಾ. ಯಾರಿಗೂ ಹೇಳಿರಲಿಲ್ಲ. ಹೆದರಬೇಡ, ಮೂಳೆಗೆ ಇಳಿದಿಲ್ಲವಂತೆ, ಈಗಲೇ ಹಿಡಿದರೆ ಪೂರ್ತಿ ಸರಿಹೋಗುತ್ತದಂತೆ. ನಿನ್ನದು ನಿಂತಿದೆ, ನನ್ನದು ಈಗಷ್ಟೇ ಹೊರಟಿದೆ. ಶನಿವಾರ ಬೆಳಿಗ್ಗೆಗೆ ಇಬ್ಬರ ಹೆಸರನ್ನೂ ಹೇಳಿ ಬಂದಿದ್ದೇನೆ. ಚಿಕ್ಕವಳಿದ್ದಾಗ ಕಹಿ ಔಷಧಿಯನ್ನು ನೀನು ಮೊದಲು ಒಂದು ಹನಿ ನೆಕ್ಕಿ ತೋರಿಸದೆ ನಾನು ಬಾಯಿಯೇ ತೆರೆಯುತ್ತಿರಲಿಲ್ಲವಲ್ಲ, ಈಗಲೂ ಹಾಗೆಯೇ. ಮೊದಲು ನೀನು, ಆಮೇಲೆ ನಾನು.