ಡಬ್ಬಿ ಅದೇ, ಚಿಪ್ ಬೇರೆ

ಮಾರ್ಚ್ ೧೧, ಮಂಗಳವಾರ

ಡಬ್ಬಿ ನೋಡಿ ಮೋಸಹೋದೆ. ಅಣ್ಣ ತೀರಿಕೊಂಡ ಮೇಲೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡಿದ್ದ ಅವನ ಲ್ಯಾಪ್‌ಟಾಪ್ ನನ್ನ ಪಾಲಿಗೆ ಬಂತು. ಅದರ ವೈಫೈ ಕೆಟ್ಟಿತ್ತು. ಅವನು ಕೊಳ್ಳುತ್ತಿದ್ದ ಹೆಸರಿನದೇ ಯುಎಸ್‌ಬಿ ವೈಫೈ ತಂದು ಸಿಕ್ಕಿಸಿದರೆ ದೀಪವೇ ಹತ್ತಲಿಲ್ಲ. "ಹೆಸ್ರು ಅದೇ ಇಟ್ಟು ಒಳಗಿನ ಚಿಪ್ ಬದಲಾಯಿಸಿಬಿಡ್ತಾರೆ ಕಣೇ. ಲಿನಕ್ಸ್‌ಗೆ ಚಿಪ್ ಯಾವ್ದು ಅಂತ ಕೇಳಿ ತಗೋಬೇಕು" ಎಂದು ಅಣ್ಣ ಎಷ್ಟು ಬಡಿದುಕೊಂಡಿದ್ದ!

ಅಂಗಡಿಯವನಿಗೆ ಇದೆಲ್ಲ ತಲೆನೋವು. "ವಿಂಡೋಸ್ ಹಾಕ್ಸಿಬಿಡಿ ಮೇಡಂ, ಹಳೇದೆಲ್ಲ ಅಳಿಸಿ ಹೊಸದರ ಥರ ಮಾಡ್ಕೊಡ್ತೀನಿ."

ಹಳೆಯದೆಲ್ಲ ಅಳಿಸಿ! ಬೇಡವೇ ಬೇಡ ಎಂದೆ. ಚಿಪ್ ಯಾವುದೆಂದು ಕೇಳಿ ಬೇರೆಯದನ್ನು ತಂದೆ.

ಸಿಕ್ಕಿಸಿದ ಕೂಡಲೇ ದೀಪ ಹತ್ತಿತು. ಮನೆಯ ವೈಫೈ ಪಾಸ್‌ವರ್ಡ್ ಕೂಡ ಕೇಳಲಿಲ್ಲ, ಅಣ್ಣ ಎಂದೋ ಹಾಕಿಟ್ಟಿದ್ದ. ಹಿಂದೆಯೇ ಅವನಿಗೆ ಬಂದಿದ್ದ ಸಂದೇಶಗಳು ದಬದಬನೆ ಬಿದ್ದವು. ಅದರಲ್ಲೊಂದು ಯಾರೋ ಗುರುತಿಲ್ಲದವರದು: "ಅಣ್ಣಾ, ನನ್ನ ಲಿನಕ್ಸ್‌ಗೆ ಯಾವ ವೈಫೈ ತಗೊಳ್ಳಲಿ? ನೀವು ಹೇಳೋವರ್ಗೂ ಅಂಗಡಿಗೆ ಹೋಗಲ್ಲ." ಕಳಿಸಿ ತಿಂಗಳುಗಳೇ ಆಗಿವೆ.

ಚಿಪ್‌ನ ಹೆಸರಷ್ಟೇ ಬರೆದು ಕಳಿಸಿದೆ. ತಕ್ಷಣ ಉತ್ತರ ಬಂತು.

"ಇಷ್ಟು ದಿನ ಎಲ್ಲಿ ಹೋಗಿದ್ರಿ ಅಣ್ಣಾ?"

ಲ್ಯಾಪ್‌ಟಾಪ್ ಇನ್ನೂ ತೆರೆದೇ ಇದೆ. ಏನಂತ ಉತ್ತರ ಬರೆಯಲಿ?